ಯಲಹಂಕದ ಬಾನು, ತುಂಗಭದ್ರೆಯ ತಾಲೀಮು

1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ನಡೆಯುವ ‘ಏರೋ ಇಂಡಿಯಾ’, ಯುದ್ಧವಿಮಾನಗಳ ಫೋಟೊ ತೆಗೆಯುವವರ ಪಾಲಿಗೆ ದೊಡ್ಡ ಜಾತ್ರೆ. 2025ರ ಫೆಬ್ರುವರಿಯಲ್ಲಿ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಇಲ್ಲಿಗೆ ಬಂದಿದ್ದವು.

ಈ ಕಲೆಯಲ್ಲಿ ನಾನು ಬಹಳ ಮೆಚ್ಚುವುದು ಅದರ ಶಿಸ್ತನ್ನು. ತೇಜಸ್ ಕಣ್ಣೆದುರು ಹಾದುಹೋಗುವಾಗ ಶಟರ್ ವೇಗ ಸೆಕೆಂಡಿನ 1000ದ ಒಂದು ಭಾಗವಾದರೂ ಇರಬೇಕು. ಇಲ್ಲವಾದರೆ ಚಿತ್ರ ಮಸುಕು. ಅದೇ ವೇಗದಲ್ಲಿ ವಾಯುಪಡೆಯ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರನ್ನು ತೆಗೆದರೆ ರೋಟರ್ ಅಲಗುಗಳು ನಿಂತಂತೆ ಕಂಡು ಚಿತ್ರ ಜೀವ ಕಳೆದುಕೊಳ್ಳುತ್ತದೆ. ಅಲ್ಲಿ 250ರ ಒಂದು ಭಾಗಕ್ಕೋ ಅದಕ್ಕೂ ಕೆಳಗೋ ಇಳಿದು, ಸೊಂಟದಿಂದ ಮೈ ತಿರುಗಿಸುತ್ತ ಯಂತ್ರದ ಜತೆಗೇ ಸಾಗಬೇಕು. ಬೆಳ್ಳಗಿನ ಆಕಾಶ ಕ್ಯಾಮೆರಾದ ಲೆಕ್ಕ ತಪ್ಪಿಸಿ ವಿಮಾನವನ್ನು ಕಪ್ಪಾಗಿಸುತ್ತದೆ; ಆಗ ಬೆಳಕನ್ನು ತುಸು ಹೆಚ್ಚಿಸಿಕೊಳ್ಳಬೇಕು. ಮಧ್ಯಾಹ್ನ ರನ್‌ವೇಯ ಬಿಸಿಗಾಳಿ ಅಂಚುಗಳನ್ನು ಕದಡಿದರೆ ಎಂಥ ದುಬಾರಿ ಲೆನ್ಸಿನಲ್ಲೂ ಅದಕ್ಕೆ ಮದ್ದಿಲ್ಲ. ಹಾಗಾಗಿ ಬೆಳಗಿನ ಹಾರಾಟವೇ ಮೇಲು. ವಿಮಾನ ಕಡಿದಾಗಿ ತಿರುಗುವಾಗ ರೆಕ್ಕೆಯ ಮೇಲಿನ ಒತ್ತಡ ಕುಸಿದು, ಗಾಳಿಯ ತೇವ ಬಿಳಿ ಮಂಜಾಗುತ್ತದೆ. ಆ ಅರೆಗಳಿಗೆಯನ್ನು ಹಿಡಿದ ಚಿತ್ರಕ್ಕೆ ಸಾಟಿಯಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಆಸಕ್ತರಿಗೆ ಇದರ ತಾಲೀಮು ತಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಮುನಿರಾಬಾದಿನ ಅಣೆಕಟ್ಟೆಯ ಹಿಂದೆ ಹರಡಿದ ತುಂಗಭದ್ರಾ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಾರುವ ಹಕ್ಕಿಯನ್ನು ಚೌಕಟ್ಟಿನಲ್ಲಿ ಹಿಡಿದಿಡಬಲ್ಲ ಕೈಗೆ ಜೆಟ್ ವಿಮಾನವೂ ಒಗ್ಗುತ್ತದೆ. ಯಲಹಂಕಕ್ಕೆ ಹೊರಡುವ ಮುನ್ನ ಒಂದು ಚಳಿಗಾಲ ಈ ದಂಡೆಯಲ್ಲಿ ಕೈ ಪಳಗಿಸಿಕೊಳ್ಳಿ.