ದಾನ, ಒಡೆತನ, ಲೆಕ್ಕ: ಕೆನರಾ ಕರಾವಳಿಯ ಕ್ರೈಸ್ತಸೇವೆಯ ಧನಮೂಲಗಳನ್ನು ಕುರಿತ ವಿಮರ್ಶೆ

ಭಟ್ಕಳ, ಹೊನ್ನಾವರ, ಕುಮಟಾ ಪ್ರದೇಶಗಳ ಕ್ರೈಸ್ತ ಸಮಾಜದ ಚರಿತ್ರೆಯನ್ನು ಬರೆದವರು ಕೋಟೆಗಳನ್ನೂ ಕೌಲುಕರಾರುಗಳನ್ನೂ ಮತಾಂತರಗಳ ಸಂಖ್ಯೆಯನ್ನೂ ಚರ್ಚಿಸಿದಷ್ಟು, ಪಾದ್ರಿಯ ಅನ್ನಕ್ಕೆ ಅಕ್ಕಿ ಎಲ್ಲಿಂದ ಬಂದಿತೆಂಬುದನ್ನು ಚರ್ಚಿಸಿಲ್ಲ. ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಸರ್ವವೂ ಪರದೇಶದ ಹಣದಿಂದಲೇ ನಡೆಯಿತೆಂಬುದು ಒಂದು. ಸರ್ವವೂ ಭಕ್ತರ ತ್ಯಾಗದಿಂದಲೇ ನಡೆಯಿತೆಂಬುದು ಇನ್ನೊಂದು. ಮೊದಲನೆಯದು ನಿಂದೆಗೂ ಎರಡನೆಯದು ಸ್ತುತಿಗೂ ಒದಗತಕ್ಕವು. ವಿಚಾರಣೆಗೆ ಎರಡೂ ಸಾಲವು.

ಹಣದ ವಿಷಯದಲ್ಲಿ ಒಂದು ಧರ್ಮವನ್ನು ಅಳೆಯಬೇಕಾದರೆ ಅದರ ಶಾಸ್ತ್ರವೇ ಕೊಟ್ಟ ಅಳತೆಗೋಲಿನಿಂದ ಅಳೆಯುವುದು ನ್ಯಾಯ. ಸಂತ ಪೌಲನು ಕೊರಿಂಥದಲ್ಲಿ ಡೇರೆ ಹೊಲಿಯುವ ಕಸುಬಿನಿಂದ ಜೀವಿಸಿದನು. ಸುವಾರ್ತೆಯನ್ನು ಸಾರುವವನಿಗೆ ಅದರಿಂದಲೇ ಜೀವನ ಸಾಗಿಸುವ ಹಕ್ಕುಂಟೆಂದು ಅವನು ವಾದಿಸಿದನು. ಆದರೆ ಆ ಊರಿನವರಿಂದ ತಾನು ಏನನ್ನೂ ಪಡೆಯಲಿಲ್ಲ. ಫಿಲಿಪ್ಪಿಯ ಸಭೆಯವರು ಕಳುಹಿಸಿದ ಕಾಣಿಕೆಯನ್ನಾದರೋ ಸಂತೋಷದಿಂದ ಸ್ವೀಕರಿಸಿದನು. ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ, ಯಾರೂ ಸಂಶಯಪಡದಂತೆ ಸಭೆಗಳೇ ಆರಿಸಿದವರನ್ನು ಜತೆಗೆ ಸೇರಿಸಿಕೊಂಡನು. ಇದರಿಂದ ಮೂರು ಪ್ರಶ್ನೆಗಳು ಹೊರಡುತ್ತವೆ: ಕೊಡುವವರು ಯಾರು? ಕೊಟ್ಟದ್ದಕ್ಕೆ ಪ್ರತಿಯಾಗಿ ಆಜ್ಞೆ ಮಾಡುವವರು ಯಾರು? ಲೆಕ್ಕವನ್ನು ಒಪ್ಪಿಸುವುದು ಯಾರಿಗೆ?

ಈ ಕರಾವಳಿಯಲ್ಲಿ ಕಾಣುವ ಮೊದಲ ಕ್ರಮ ರಾಜಪೋಷಣೆಯದು. ಪೋಪರ ಶಾಸನಗಳ ಮೂಲಕ ಪೋರ್ಚುಗಲ್ಲಿನ ಅರಸನು ಪಾದ್ರುವಾದೊ ಎಂಬ ಅಧಿಕಾರವನ್ನು ಪಡೆದಿದ್ದನು. ಪೂರ್ವದೇಶಗಳ ಚರ್ಚುಗಳ ಖರ್ಚನ್ನು ವಹಿಸುವ ಹೊಣೆ ಅವನದು. ಬಿಷಪರನ್ನು ಸೂಚಿಸುವ ಹಕ್ಕೂ ಅವನದು. ಹೊಣೆಯೂ ಹಕ್ಕೂ ಒಂದೇ ಹಗ್ಗದ ಎರಡು ತುದಿಗಳಾಗಿದ್ದುವು. 1569ರಲ್ಲಿ ಹೊನ್ನಾವರ ಪೋರ್ಚುಗೀಸರ ವಶವಾದಾಗ ಈ ಪದ್ಧತಿ ಕೋಟೆಯ ಗೋಡೆಯೊಳಗೆ ನೆಲೆನಿಂತಿತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ನಾಯಕರು ಅವರನ್ನು ಹೊರಡಿಸಲು, ಆ ಗೋಡೆಯ ಆಸರೆಯೂ ಹೋಯಿತು.

1678ರಲ್ಲಿ ಕೆಳದಿಗೂ ಗೋವೆಗೂ ಆದ ಒಪ್ಪಂದವನ್ನು ಚರಿತ್ರಕಾರರು ಮತಸಹಿಷ್ಣುತೆಯ ದಾಖಲೆಯೆಂದು ಸಾಮಾನ್ಯವಾಗಿ ಉದಾಹರಿಸುವರು. ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಚರ್ಚುಗಳನ್ನು ಕಟ್ಟಲು ಅದರಲ್ಲಿ ಅನುಮತಿ ದೊರೆತಿತ್ತು. ಸಹಿಷ್ಣುತೆಯ ಅಂಶ ಅದರಲ್ಲಿ ಇಲ್ಲವೆನ್ನಲಾಗದು. ಆದರೆ ಅದೇ ಒಪ್ಪಂದದಲ್ಲಿ ಮಂಗಳೂರಿನ ವ್ಯಾಪಾರಕೋಠಿಯ ಮಾತೂ ಇದೆಯೆಂಬುದನ್ನು ಮರೆಯಬಾರದು. ದೇವಾಲಯದ ನೆಲವನ್ನು ವ್ಯಾಪಾರದ ಕರಾರು ಸಂಪಾದಿಸಿಕೊಟ್ಟಲ್ಲಿ, ಕರಾರು ಮುರಿದ ದಿನ ಆ ನೆಲವೂ ಸಂದೇಹಕ್ಕೊಳಗಾಗುವುದು ಸಹಜ. ಅರಸನ ಬೊಕ್ಕಸದಿಂದ ಬಾಳುವ ಪಾದ್ರಿ ತಾನೆಷ್ಟು ಸಾಧುವಾಗಿದ್ದರೂ ನೆರೆಯವರ ಕಣ್ಣಿಗೆ ಆ ಅರಸನ ಆಳಾಗಿಯೇ ಕಾಣುವನು.

ಈ ಹಗ್ಗದ ಬಿಗಿತ ಬೇಗನೆ ಬಯಲಿಗೆ ಬಂದಿತು. ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ಧರ್ಮಪ್ರಸಾರ ಮಂಡಲಿಯನ್ನು ಸ್ಥಾಪಿಸಿ, ಅರಸನ ಕೈದಾಟಿ ತನ್ನ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. ಕೆನರಾಕ್ಕೆ ಹೀಗೆ ಬಂದವನು ಬಿಷಪ್ ತೋಮಾಸ್ ದ ಕಾಸ್ತ್ರೊ. ಗೋವೆಯವರು ಅವನ ಅಧಿಕಾರವನ್ನು ಒಪ್ಪದೆ 1681ರಲ್ಲಿ ಜೋಸೆಫ್ ವಾಜ್ ಎಂಬ ತರುಣ ಪಾದ್ರಿಯನ್ನು ತಮ್ಮ ಪರವಾಗಿ ಕಳುಹಿಸಿದರು. ಹೀಗೆ ಒಂದೇ ಮತದ ಬಡಜನರು ಇಬ್ಬರು ಮೇಲಧಿಕಾರಿಗಳ ನಡುವೆ ಸಿಕ್ಕಿಕೊಂಡರು. ವಿವಾದದ ಭಾಷೆ ಧರ್ಮಶಾಸ್ತ್ರದ್ದಾದರೂ ಅದರ ಬೇರು ಪೋಷಣೆಯ ಹಕ್ಕಿನಲ್ಲಿತ್ತು.

ಈ ಜೋಸೆಫ್ ವಾಜನ ಮುಂದಿನ ಜೀವನ ನಮ್ಮ ವಿಷಯಕ್ಕೆ ಉತ್ತಮ ವ್ಯಾಖ್ಯಾನವಾಗಿದೆ. ರಾಜಪೋಷಣೆಯ ಪಕ್ಷಕ್ಕಾಗಿ ಕೆನರಾದಲ್ಲಿ ದುಡಿದ ಆತ 1687ರಲ್ಲಿ ಸಿಂಹಳಕ್ಕೆ ಹೋದಾಗ ಅಲ್ಲಿ ಯಾವ ಕ್ರೈಸ್ತ ಅರಸನ ನೆರಳೂ ಇರಲಿಲ್ಲ. ಕರಾವಳಿ ಕ್ಯಾಥೊಲಿಕರನ್ನು ಹಿಂಸಿಸುತ್ತಿದ್ದ ಡಚ್ಚರ ಕೈಯಲ್ಲಿತ್ತು. ಕೂಲಿಯಾಳಿನ ವೇಷದಲ್ಲಿ ಹೊಕ್ಕು, ಅಡಗಿದ್ದ ಭಕ್ತರ ಆಶ್ರಯದಲ್ಲಿ ಬಾಳಿ, ಸಭೆಗಳನ್ನು ಮತ್ತೆ ಎತ್ತಿ ನಿಲ್ಲಿಸಿದನು. 2015ರಲ್ಲಿ ರೋಮ್ ಅವನನ್ನು ಸಂತನೆಂದು ಸಾರಿದುದು ಈ ಎರಡನೆಯ ದುಡಿಮೆಗಾಗಿ ಎಂಬುದು ಗಮನಾರ್ಹ.

ಕರಾವಳಿಯಲ್ಲಿಯೂ ಇದೇ ಪಾಠ ಕಠಿನತರವಾಗಿ ಬಂದಿತು. 1784ರಲ್ಲಿ ಟೀಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಚರ್ಚುಗಳು ನೆಲಸಮವಾದುವು. 1799ರ ಬಳಿಕ ಮರಳಿ ಬಂದವರು ಸಮಾಜವನ್ನು ಹೊಸದಾಗಿ ಕಟ್ಟಬೇಕಾಯಿತು. ಲಿಸ್ಬನ್ನಿನ ಅರಸನ ಹೊಣೆ ಅವರನ್ನು ಕಾಯಲಿಲ್ಲ. ಉಳಿದದ್ದು ಜನರು, ಕಟ್ಟಿದವರೂ ಜನರೇ.

ಎರಡನೆಯ ಕ್ರಮ ಉದ್ಯಮದ್ದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಸ್ವದೇಶದಲ್ಲಿ ಅವರಿಗೆ ಒದಗಿದ ಹಣದ ಒಂದು ಮೂಲ 1855ರಲ್ಲಿ ಕಾರ್ಲ್ ಸರಾಸಿನನು ಆರಂಭಿಸಿದ ಅರೆಬಾಟ್ಸನ್ ವಂತಿಗೆ. ಸಾಮಾನ್ಯ ಕುಟುಂಬಗಳು ವಾರಕ್ಕೊಂದು ಸಣ್ಣ ನಾಣ್ಯವನ್ನು ಕೊಡುವ ಏರ್ಪಾಡು ಅದು. ಇಲ್ಲಿಯಾದರೋ ಮತಾಂತರಗೊಂಡವರು ಜಾತಿಯ ಕಸುಬನ್ನೂ ಆಸ್ತಿಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಮಿಷನ್ನು ಮುದ್ರಣ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ತೆರೆಯಿತು. 1859ರಲ್ಲಿ ಒಂದು ವ್ಯಾಪಾರ ಸಂಘ ಸ್ಥಾಪಿತವಾಯಿತು. ಪಾಲುದಾರರ ಲಾಭಕ್ಕೆ ಮಿತಿ ಹಾಕಿ ಮಿಕ್ಕದ್ದನ್ನು ಸೇವೆಗೆ ಒಪ್ಪಿಸುವುದು ಅದರ ನಿಯಮ. 1865ರಲ್ಲಿ ಆರಂಭವಾದ ಹಂಚಿನ ಉದ್ಯಮ ಕರಾವಳಿಯ ಮನೆಗಳ ರೂಪವನ್ನೇ ಮಾರ್ಪಡಿಸಿತು.

ಈ ಕ್ರಮವನ್ನು ಹೊಗಳುವವರು ಬಹಳ. ಬೇಡುವುದಕ್ಕಿಂತ ದುಡಿಯುವುದು ಲೇಸೆಂಬ ಮಾತು ಪೌಲನ ಮಾರ್ಗಕ್ಕೆ ಹತ್ತಿರವೇ ಸರಿ. ಆದರೆ ಪೌಲನು ತನ್ನ ಕೈದುಡಿಮೆಯಿಂದ ಬದುಕಿದನೇ ಹೊರತು ಸಭೆಯವರಿಗೆ ಕೂಲಿ ಕೊಡುವ ಧಣಿಯಾಗಲಿಲ್ಲ. ಇಲ್ಲಿ ಉಪದೇಶಿಯೂ ಧಣಿಯೂ ಒಂದೇ ಸಂಸ್ಥೆಗೆ ಸೇರಿದ್ದರು. ಸಭೆಯಿಂದ ಹೊರಬಿದ್ದವನ ಅನ್ನಕ್ಕೂ ಸಂಚಕಾರ ಬರಬಹುದಾದಲ್ಲಿ ಅವನ ಪ್ರಾರ್ಥನೆಯ ಸ್ವಾತಂತ್ರ್ಯವೆಷ್ಟು? ಬಾಸೆಲಿನ ಕುಟುಂಬದ ನಾಣ್ಯ ಪವಿತ್ರವಾದುದು ನಿಜ. ಅದರ ಲೆಕ್ಕವಾದರೋ ಬಾಸೆಲಿಗೆ ಹೋಗುತ್ತಿತ್ತು, ಮಂಗಳೂರಿನ ನೇಕಾರನಿಗಲ್ಲ. 1914ರ ಮಹಾಯುದ್ಧ ಬಂದಾಗ ಜರ್ಮನ್ ಸಂಬಂಧದ ಕಾರಣದಿಂದ ಕಾರ್ಖಾನೆಗಳು ಸರ್ಕಾರದ ವಶವಾಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು. ಕೋಟೆಯಂತೆ ಕಾರ್ಖಾನೆಯೂ ಸಭೆಯ ಕೈಬಿಟ್ಟಿತು.

ಮೂರನೆಯ ಕ್ರಮ ಊರವರ ವಂತಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆನ್ರಿ ವೆನ್, ರೂಫಸ್ ಆಂಡರ್ಸನ್ ಎಂಬವರು ಸಭೆಯು ಸ್ವಂತ ಹಣ, ಸ್ವಂತ ಆಡಳಿತ, ಸ್ವಂತ ಪ್ರಸಾರಗಳಿಂದ ನಿಲ್ಲಬೇಕೆಂದು ಬೋಧಿಸಿದರು. ಈ ತತ್ತ್ವ ನಮ್ಮ ಕರಾವಳಿಗೆ ಅಪರಿಚಿತವೇನಲ್ಲ. ಭಟ್ಕಳದಲ್ಲಿ ಖೇತಪೈ ನಾರಾಯಣ ದೇವಾಲಯವೂ ಜಟ್ಟಪ್ಪ ನಾಯಕನ ಬಸದಿಯೂ ದಾತೃಗಳ ಹೆಸರನ್ನೇ ಹೊತ್ತು ನಿಂತಿವೆ. 1919ರಲ್ಲಿ ಅಲ್ಲಿಯ ನವಾಯತರು ಅಂಜುಮನ್ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಆದರೆ ಒಂದು ಎಚ್ಚರ ಅವಶ್ಯ. ಊರಿನ ಹಣವೆಂದ ಮಾತ್ರಕ್ಕೆ ನಿರ್ದೋಷವಾಗದು. ಒಬ್ಬ ಶ್ರೀಮಂತನೇ ಹೆಚ್ಚು ಕೊಟ್ಟಲ್ಲಿ ಲಿಸ್ಬನ್ನಿನ ಅರಸನ ಸ್ಥಾನದಲ್ಲಿ ಅವನೇ ಕುಳಿತುಕೊಳ್ಳುವನು. ಸಣ್ಣ ಕಾಣಿಕೆಗಳು ಬಹುಜನರಿಂದ ಬಂದು, ಆ ಬಹುಜನರೇ ಲೆಕ್ಕವನ್ನು ನೋಡುವಂತಾದರೆ ಮಾತ್ರ ಮೂರು ಪ್ರಶ್ನೆಗಳಿಗೂ ಒಂದೇ ಉತ್ತರ ದೊರೆಯುವುದು.

ಆದುದರಿಂದ ಹಣ ಪರದೇಶದ್ದೋ ಸ್ವದೇಶದ್ದೋ ಎಂಬ ವಾದ ವಿಷಯದ ಸಿಪ್ಪೆಯನ್ನು ಮಾತ್ರ ಮುಟ್ಟುತ್ತದೆ. ಹೊರಗಿನ ನೆರವು ತಾನಾಗಿ ದೋಷವಲ್ಲ. ಫಿಲಿಪ್ಪಿಯ ಕಾಣಿಕೆಯೂ ಹೊರಗಿನದೇ. ಕೊಟ್ಟವನು ಒಡೆಯನಾಗುವುದೂ ಪಡೆದವನು ಊರಿಗೆ ಲೆಕ್ಕ ಹೇಳದಿರುವುದೂ ದೋಷ. ಈ ಪ್ರಾಂತದ ಚರಿತ್ರೆಯನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ಕೌಲುಕರಾರುಗಳ ಜತೆಗೆ ಚರ್ಚು, ದೇವಾಲಯ, ಮಸೀದಿಗಳ ಜಮಾಖರ್ಚಿನ ಪುಸ್ತಕಗಳನ್ನೂ ಆಕರವೆಂದೆಣಿಸಬೇಕು. ಒಂದು ಸಮಾಜದ ಶ್ರದ್ಧೆ ಅದರ ಗೋಪುರದಲ್ಲಿ ಕಾಣುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಅಲ್ಲಿ ಕಂಡೀತು.