ಬೆಳಗಿದರೂ ಗುರಿ ತಪ್ಪುವ ಚುಕ್ಕೆ

ಟೆಲಿಸ್ಕೋಪ್ ಕೊಂಡವರು ಅದರ ಕನ್ನಡಿಯನ್ನೋ ಮಸೂರವನ್ನೋ ಹೊಗಳುತ್ತಾರೆ. ಕೊಳವೆಯ ಬೆನ್ನ ಮೇಲೆ ಕೂತು ಗುರಿ ತೋರಿಸುವ ಪುಟ್ಟ ಪ್ಲಾಸ್ಟಿಕ್ ರೆಡ್ ಡಾಟ್ ಫೈಂಡರಿನ ನೆನಪಾಗುವುದು ಅದು ಕೈಕೊಟ್ಟಾಗ ಮಾತ್ರ. ಕೈಕೊಡುವುದೆಂದರೂ ಬಹುಪಾಲು ಸೆಲ್ ಖಾಲಿಯಾಗಿರುತ್ತದೆ, ಅಷ್ಟೆ. ನಿಜವಾದ ರಗಳೆ ಶುರುವಾಗುವುದು ಹೊಸ ಸೆಲ್ ಹಾಕಿದ ಮೇಲೆ: ಚುಕ್ಕೆ ಬೆಳಗುವುದಿಲ್ಲ, ಬೆಳಗಿದರೆ ಮಿಣಮಿಣ ಅನ್ನುತ್ತದೆ, ಸರಿಯಾಗಿ ಬೆಳಗಿದರೆ ಗುರಿ ಎಲ್ಲೋ, ಚುಕ್ಕೆ ಎಲ್ಲೋ. ಬೆಳಕಿನ ಲೆಕ್ಕದಲ್ಲಿ ಇಷ್ಟು ಜಾಣತನ ತೋರಿದವರು ಸೆಲ್ಲಿನ ಗೂಡು, ತಗಡು, ಸ್ವಿಚ್ಚಿಗೆ ಬಂದಾಗ ಯಾಕೆ ಇಷ್ಟು ಜುಗ್ಗರಾದರು ಎಂಬುದೇ ನನ್ನ ತಕರಾರು.

ಜಾಣತನವನ್ನು ಮೊದಲು ಮೆಚ್ಚೋಣ. ಒಳಗಿನ ಎಲ್‌ಇಡಿಯ ಕೆಂಪು ಬೆಳಕು ಮುಂದಿನ ಬಾಗಿದ ಗಾಜಿಗೆ ಬಡಿದು, ಸಮಾನಾಂತರ ಕಿರಣಗಳಾಗಿ ಕಣ್ಣಿಗೆ ಮರಳುತ್ತದೆ. ಹಾಗಾಗಿ ಚುಕ್ಕೆ ಗಾಜಿನ ಮೇಲೆ ಅಂಟಿದಂತಿರದೆ ಆಕಾಶದಲ್ಲೇ ಇರುವಂತೆ ಕಾಣುತ್ತದೆ. ತಲೆ ಕೊಂಚ ಸರಿದರೂ ಗುರಿ ಕದಲುವುದಿಲ್ಲ. 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಡಬ್ಲಿನ್ನಿನ ಹೋವರ್ಡ್ ಗ್ರಬ್ ಕಸುಬಿನಿಂದ ಟೆಲಿಸ್ಕೋಪ್ ತಯಾರಕ. ಅವನ ಕಾರ್ಖಾನೆಯ 20 ಅಂಗುಲದ ದೂರದರ್ಶಕವೊಂದು ಪುಣೆಯ ಮಹಾರಾಜ ತಖ್ತಸಿಂಗ್‌ಜಿ ವೀಕ್ಷಣಾಲಯದಲ್ಲಿತ್ತು, 1912ರಲ್ಲಿ ಕೊಡೈಕೆನಾಲ್ ಸೇರಿತು. ಆ ಬೆಟ್ಟದ ವೀಕ್ಷಣಾಲಯ ಈಗ ನಮ್ಮ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು. ಗ್ರಬ್ ಈ ಉಪಾಯ ಹೂಡಿದ್ದು ಮಾತ್ರ ಬಂದೂಕಿಗೆ. ಯುದ್ಧವಿಮಾನ, ಪಿಸ್ತೂಲುಗಳನ್ನೆಲ್ಲ ಸುತ್ತಿಬಂದು ಅದು ಹವ್ಯಾಸಿಗಳ ಟೆಲಿಸ್ಕೋಪಿನ ಮೇಲೆ ಕೂತಿದೆ.

ಇನ್ನು ಸೆಲ್. ರಾಜಾಜಿನಗರ, ವಿಜಯನಗರದ ವಾಚ್ ಅಂಗಡಿಗಳಲ್ಲಿ, ಗ್ಲುಕೋಮೀಟರ್‌ಗಳ ಕೃಪೆಯಿಂದ ಮೆಡಿಕಲ್ ಸ್ಟೋರುಗಳಲ್ಲೂ, ಸಿಆರ್ 2032 ಸಿಗುತ್ತದೆ. ಅಂಕಿಯಲ್ಲೇ ಅಳತೆಯಿದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸ್ಟಾಕ್ ಮುಗಿದಿದ್ದರೆ ಅಂಗಡಿಯವರು “2025 ಶೆಲ್ಲು ತಗೊಂಡ್ಹೋಗಿ ಸಾರ್, ಅದೂ ಮೂರೇ ವೋಲ್ಟು” ಅನ್ನುತ್ತಾರೆ. ವೋಲ್ಟಿನ ಮಾತು ನಿಜ. ಆದರೆ 2.5 ಮಿ.ಮೀ. ದಪ್ಪದ್ದು ಗೂಡಿನಲ್ಲಿ ಲೊಡಲೊಡ ಆಡುತ್ತದೆ. ಮೇಜಿನ ಮೇಲೆ ಉರಿದ ಚುಕ್ಕೆ ಕೊಳವೆಯನ್ನು ಮೇಲಕ್ಕೆ ತಿರುಗಿಸಿದೊಡನೆ ಆರುತ್ತದೆ.

ಸರಿಯಾದ ಸೆಲ್ ತಂದರೂ ಉರಿಯದಿದ್ದರೆ? ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಗುಳಲೆಂದು ಕೆಲವು ಕಂಪನಿಗಳು ಬಟನ್ ಸೆಲ್ಲಿಗೆ ಕಹಿ ಲೇಪ ಬಳಿಯುತ್ತವೆ. ನುಂಗಿದರೆ ಅನ್ನನಾಳವನ್ನೇ ಸುಡುವ ವಸ್ತುವಿಗೆ ಈ ಎಚ್ಚರ ಬೇಕಾದದ್ದೇ. ಆದರೆ ಆ ಲೇಪ ಕೆಲವು ಸಾಧನಗಳಲ್ಲಿ ವಿದ್ಯುತ್ ಹರಿಯಲು ಅಡ್ಡ ಬರುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ಹಾಕಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಎಲ್‌ಇಡಿ ಸುಮ್ಮನಿರುತ್ತದೆ, ಮೂರು ವೋಲ್ಟಿಗೆ ಸುಡುವುದಿಲ್ಲ, ತಿರುಗಿಸಿ ಹಾಕಿದರಾಯಿತು. ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಗೂಡಿನೊಳಗಿನ ತೆಳು ತಗಡು. ಹಳೆಯ ಸೆಲ್ಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯುವಾಗಲೇ ಅದು ಚಪ್ಪಟೆಯಾಗಿ ಮಲಗಿಬಿಡುತ್ತದೆ. ಸೇಫ್ಟಿ ಪಿನ್ನಿನಿಂದ ಕೂದಲೆಳೆಯಷ್ಟು ಎತ್ತಿದರೆ ಸಾಕು, ಚುಕ್ಕೆಗೆ ಜೀವ ಬರುತ್ತದೆ. ಮಲ್ಟಿಮೀಟರ್ ಇಟ್ಟು “ಮೂರು ವೋಲ್ಟ್ ತೋರಿಸ್ತಿದೆಯಲ್ಲ” ಎಂದು ವಾದಿಸುವವರಿಗೊಂದು ಮಾತು: ಕೆಲಸವಿಲ್ಲದೆ ಕೂತ ಸೆಲ್ ಸುಸ್ತಾಗಿದ್ದರೂ ಮೂರರ ಹತ್ತಿರವೇ ತೋರಿಸುತ್ತದೆ, ಅದರ ಬಂಡವಾಳ ಗೊತ್ತಾಗುವುದು ಹೊರೆ ಬಿದ್ದಾಗ. ಅಂದಹಾಗೆ, ಪರೀಕ್ಷೆಯನ್ನು ಮಟಮಟ ಮಧ್ಯಾಹ್ನ ತಾರಸಿಯಲ್ಲಿ ಮಾಡಬೇಡಿ. ಆ ಬಿಸಿಲಿನಲ್ಲಿ ಚುಕ್ಕೆ ಉರಿದರೂ ಕಾಣದು.

ಚುಕ್ಕೆ ಬಂತು. ಗುರಿ? ಇಲ್ಲೇ ವಿನ್ಯಾಸದ ದೊಡ್ಡ ತಪ್ಪು. ಹಲವು ಅಗ್ಗದ ಮಾದರಿಗಳಲ್ಲಿ ಫೈಂಡರನ್ನು ಪೀಠದಿಂದ ಜಾರಿಸಿ ತೆಗೆಯದೆ ಸೆಲ್ ಬದಲಿಸಲಾಗದು. ಮತ್ತೆ ಕೂಡಿಸುವಾಗ ಅದು ಮೊದಲಿನ ಜಾಗಕ್ಕೆ ಬರುವ ಭರವಸೆಯಿಲ್ಲ. ಪಿಸ್ತೂಲಿನ ರೆಡ್ ಡಾಟ್‌ಗಳಲ್ಲೂ ಕೆಲವಕ್ಕೆ ಇದೇ ಪಾಡಿತ್ತು. ಸೆಲ್ ತಳದಲ್ಲಿರುತ್ತಿತ್ತು, ಬದಲಿಸಲು ಸೈಟನ್ನೇ ಬಿಚ್ಚಿ, ಮತ್ತೆ ಗುಂಡು ಹಾರಿಸಿ ಗುರಿ ಕೂಡಿಸಬೇಕಿತ್ತು. ಆಮೇಲಿನ ಹಲವು ಮಾದರಿಗಳಲ್ಲಿ ಸೆಲ್ ಪಕ್ಕಕ್ಕೋ ಮೇಲಕ್ಕೋ ಬಂತು. ಟೆಲಿಸ್ಕೋಪಿನವರು ಈ ಪಾಠವನ್ನು ಇನ್ನೂ ಪೂರ್ತಿ ಕಲಿತಿಲ್ಲ.

ಮತ್ತೆ ಹೊಂದಿಸುವಾಗ ನಮ್ಮ ಕಡೆಯವರು ಹಿಡಿಯುವ ಗುರಿ ಎದುರುಮನೆಯ ನೀರಿನ ಟ್ಯಾಂಕು. ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಕಣ್ಣಿಗೆ ಸಿಗುವುದೂ ಅದೇ. ಆದರೆ ಫೈಂಡರಿಗೂ ಕೊಳವೆಯ ನಡುಗೆರೆಗೂ 8 ಸೆಂ.ಮೀ. ಅಂತರವಿದ್ದು ಟ್ಯಾಂಕು 20 ಮೀಟರ್ ಆಚೆಗಿದ್ದರೆ, ಆಕಾಶಕ್ಕೆ ತಿರುಗಿಸಿದಾಗ ಉಳಿಯುವ ತಪ್ಪು ಹತ್ತಿರಹತ್ತಿರ ಕಾಲು ಡಿಗ್ರಿ, ಪೂರ್ಣಚಂದ್ರನ ಅಗಲದ ಸುಮಾರು ಅರ್ಧ. 25 ಮಿ.ಮೀ. ಐಪೀಸಿನಲ್ಲಿ ಇದು ಗೊತ್ತಾಗುವುದಿಲ್ಲ. 9ಕ್ಕೆ ಬದಲಿಸಿದಿರೋ, ಶನಿ ಅಂಚಿಗೆ ಸರಿದುಬಿಡುತ್ತಾನೆ. ವರ್ಲ್ಡ್ ಟ್ರೇಡ್ ಸೆಂಟರಿನ ನೆತ್ತಿಯಂಥ, ಕಿಲೋಮೀಟರುಗಳಾಚೆಯ ಗುರಿ ಹಿಡಿದರೆ ಈ ತಪ್ಪು ಲೆಕ್ಕಕ್ಕೇ ಬಾರದು. ಹಗಲಲ್ಲಿ ಹೊಂದಿಸುವವರು ಸೂರ್ಯನಿರುವ ದಿಕ್ಕಿಗೆ ಕೊಳವೆಯನ್ನು ಒಯ್ಯಲೇಬಾರದು, ಕಣ್ಣು ಹೋಗುತ್ತದೆ. ಕೈಪಿಡಿಗಳು ಧ್ರುವ ನಕ್ಷತ್ರಕ್ಕೆ ಹೊಂದಿಸಿ ಎನ್ನುತ್ತವೆ; ಅದು ಜಾಗ ಬಿಡದ ನಕ್ಷತ್ರ, ಸಲಹೆ ಒಳ್ಳೆಯದೇ. ಆದರೆ 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಧ್ರುವನಿರುವುದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಉತ್ತರಕ್ಕೆ ನಾಲ್ಕು ಮಹಡಿಯ ಮನೆಯಿದ್ದರೆ ಮುಗಿಯಿತು.

ಸ್ವಿಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಕ್ರ ತಿರುಗಿಸಿದಾಗ ‘ಟಕ್’ ಎಂದು ಆಫ್ ಆದದ್ದು ಬೆರಳಿಗೆ ತಿಳಿಯಬೇಕು, ಹಲವದರಲ್ಲಿ ತಿಳಿಯುವುದಿಲ್ಲ. ರಾತ್ರಿಯಿಡೀ ಉರಿದ ಚುಕ್ಕೆಗೆ ಮತ್ತೆ ವಾಚ್ ಅಂಗಡಿಯೇ ಗತಿ.

ಇಷ್ಟೆಲ್ಲ ಸರಿಮಾಡಿದ ಮೇಲೆ ಪಶ್ಚಿಮ ಬೆಂಗಳೂರಿನ ತಾರಸಿಯಲ್ಲಿ ಈ ಚುಕ್ಕೆಯಿಂದ ಪ್ರಯೋಜನವೆಷ್ಟು? ಚಂದ್ರ, ಗುರು, ಶನಿಗೆ ಇದಕ್ಕಿಂತ ಸಲೀಸಾದದ್ದಿಲ್ಲ. ಎಂಟು ವರ್ಷದ ಮಗುವೂ ಗುರಿ ಹಿಡಿಯಬಲ್ಲದು. ಆಂಡ್ರೊಮಿಡಾ ಗ್ಯಾಲಕ್ಸಿ ಹುಡುಕಲು ಹೊರಟರೆ ಕಥೆ ಬೇರೆ. ಮಿರಾಕ್ ನಕ್ಷತ್ರದಿಂದ ಎರಡು ಮಸುಕು ನಕ್ಷತ್ರಗಳನ್ನು ಮೆಟ್ಟಿಲಾಗಿ ಹಿಡಿದು ಹೋಗಬೇಕು. ಮಿರಾಕ್ ಕಾಣುತ್ತದೆ. ಮುಂದಿನ ಎರಡನ್ನೂ ರಾಜಾಜಿನಗರದ ಬೀದಿದೀಪಗಳು ನುಂಗಿರುತ್ತವೆ. ರೆಡ್ ಡಾಟ್ ಹಿಗ್ಗಿಸಿ ತೋರಿಸುವ ಸಾಧನವಲ್ಲ, ಬರಿಗಣ್ಣಿಗೆ ಕಾಣದ್ದನ್ನು ಅದು ಕಾಣಿಸದು. ಆರು ಪಟ್ಟು ಹಿಗ್ಗಿಸುವ, 30 ಮಿ.ಮೀ. ಮಸೂರದ ಹಳೆಯ ಬಗೆಯ ಫೈಂಡರಿನಲ್ಲಿ ಅವೆರಡೂ ಸಿಗುತ್ತವೆ. ಅದರಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ, ನೆತ್ತಿಯ ಮೇಲಿನದನ್ನು ನೋಡಲು ಕತ್ತು ಹೊರಳಿಸಬೇಕು, ನಿಜ. ಸೆಲ್ ಮಾತ್ರ ಬೇಕಿಲ್ಲ. ನಗರದೊಳಗೆ ಗ್ರಹಗಳಾಚೆಗೂ ನೋಡುವ ಆಸೆಯಿದ್ದವರು ರೆಡ್ ಡಾಟನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಅದನ್ನೂ ಒಂದು ಕೂಡಿಸಿಕೊಳ್ಳಲಿ.