ಉದುರುವ ಮಾತು

ಕೆರ್, ವೈಲಿ, ಕರಿ ಎಂಬ ಮೂವರು 1972ರಲ್ಲಿ ಜೀವಕೋಶದ ಒಂದು ಬಗೆಯ ಸಾವಿಗೆ ಇಂಗ್ಲಿಷಿನಲ್ಲಿ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅದಕ್ಕೆ ಎಲೆ, ಎಸಳು ಉದುರುವುದೆಂದು ಅರ್ಥ. ಮಾತನ್ನು ಸೂಚಿಸಿದವರು ಅಬರ್ಡೀನಿನ ಗ್ರೀಕ್ ಪ್ರಾಧ್ಯಾಪಕ ಕಾರ್ಮ್ಯಾಕ್. ಪ್ರಯೋಗಶಾಲೆಯವರು ಭಾಷಾಪಂಡಿತರ ಬಾಗಿಲು ತಟ್ಟುವ ಈ ಪದ್ಧತಿ ನಮ್ಮಲ್ಲಿಯೂ ಬೆಳೆಯಬಾರದೆ! ಹೆಣವೆಂಬ ಮಾತಿನಿಂದ ಬಂದ ‘ನೆಕ್ರೋಸಿಸ್’ನಲ್ಲಿ ಕೋಶ ಊದಿ, ಒಡೆದು, ಸುತ್ತಲೂ ಉರಿಯೂತವೇಳುತ್ತದೆ. ಇಲ್ಲಿ ಹಾಗಲ್ಲ. ಕೋಶ ಕುಗ್ಗಿ, ಚೂರಾಗಿ, ಉದುರಿದೆಲೆ ಮಣ್ಣು ಸೇರುವಂತೆ ಸದ್ದಿಲ್ಲದೆ ನೆರೆಕೋಶಗಳ ಹೊಟ್ಟೆ ಸೇರುತ್ತದೆ. ಗರ್ಭದಲ್ಲಿ ಬೆರಳುಗಳ ನಡುವಣ ಕೋಶಗಳು ಹೀಗೆ ಉದುರಿದುದರಿಂದಲೇ ನಮ್ಮ ಬೆರಳುಗಳು ಬಿಡಿಬಿಡಿಯಾದುವು.

ಇದನ್ನು ‘ಯೋಜಿತ ಕೋಶಮರಣ’ವೆಂದು ಕನ್ನಡಿಸಿದರೆ ನನಗೆ ಒಪ್ಪಿಗೆಯಿಲ್ಲ. ಅರ್ಥವೇನೋ ಸರಿಯೇ; ಆದರೆ ಅದರಲ್ಲಿ ಕಛೇರಿಯ ಕಡತದ ವಾಸನೆಯಿದೆ, ಎಲೆಯಿಲ್ಲ. ‘ಕೋಶ ಉದುರಿತು’ ಎನ್ನಿ, ಶಾಲೆಯ ಹುಡುಗನಿಗೂ ತಿಳಿದೀತು.